ಎರಡನೆಯ ಸಹಿ

ಶನಿವಾರ ಹತ್ತು ಗಂಟೆಗೆ ವಾಂಡಾ ಚರ್ಚಿನ ನೆಲಮಾಳಿಗೆಯಲ್ಲಿದ್ದ ಉಚಿತ ಸೈಕಲ್ ರಿಪೇರಿ ಕೇಂದ್ರದ ಬಾಗಿಲು ತೆಗೆದಾಗ ನಿಯೆವೆಸ್ ಆಗಲೇ ಸೈಕಲ್ ಹಿಡಿದು ಹೊರಗೆ ನಿಂತಿದ್ದಳು. ಮುಂದಿನ ಚಕ್ರ ಸೊಟ್ಟಗಾಗಿತ್ತು. ಆ ಹಸಿರು ಬಣ್ಣ ಕಂಡೊಡನೆ ವಾಂಡಾಗೆ ಗುರುತು ಸಿಕ್ಕಿತು: ಇಲ್ಲಿಂದಲೇ ರಿಪೇರಿಯಾಗಿ ಹೋಗಿದ್ದ ಸೈಕಲ್. ಮೂರು ವಾರದ ಹಿಂದೆ, ಮಾಂಸದ ಕಾರ್ಖಾನೆಯ ಬೆಳಗಿನ ಪಾಳಿಗೆ ಅದರಲ್ಲೇ ಹೊರಟಿದ್ದ ಎಲಾಡಿಯೋ ಇಳಿಜಾರಿನ ಕೊನೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದ. ಇವಳು ಅವನ ಹೆಂಡತಿ.

"ಪೊಲೀಸರು ನಿನ್ನೆ ವಾಪಸ್ ಕೊಟ್ರು. ರಿಪೇರಿ ಮಾಡ್ಕೊಡಿ ಅಮ್ಮಾ. ಸೋಮವಾರದಿಂದ ಆ ಪಾಳಿಗೆ ನಾನೇ ಹೋಗ್ಬೇಕು. ಅಷ್ಟೊತ್ತಿಗೆ ಬಸ್ಸಿಲ್ಲ."

"ಇದೇ ಬೇಕಾ? ಬೇರೆದು ಕೊಡ್ತೀವಿ."

"ಸೈಕಲ್ ಏನ್ಮಾಡ್ತು? ತಪ್ಪು ಅವನದು. ನಿಲ್ಲೋ ಕಡೆ ನಿಲ್ಲದೆ ನುಗ್ಗಿದ ಅಂತ ಪೊಲೀಸರೇ ಬರ್ದಿದಾರೆ. ಯಾವಾಗ್ಲೂ ಅವಸರ. ನಮ್ಮ ಮದುವೇಲೂ ಎಲ್ಲರಿಗಿಂತ ಮುಂಚೆ ಊಟ ಮುಗಿಸಿ ಎದ್ದೋನು ಅವನೇ!" ನಕ್ಕಂತೆ ಮಾಡಿದಳು. "ಮಕ್ಕಳಿಗೂ ಹೇಳಿದೀನಿ, ನಿಮ್ಮಪ್ಪ ಒಂದು ಸಲ ಬ್ರೇಕ್ ಹಿಡಿದಿದ್ರೆ ಮನೇಲಿರ್ತಿದ್ದ ಅಂತ."

ವಾಂಡಾ ಸೈಕಲನ್ನು ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದಳು. ಚಕ್ರ ಬಿಚ್ಚಲು ಬಗ್ಗಿದವಳಿಗೆ ಮುಂದಿನ ಬ್ರೇಕಿನ ವೈರು ಕಾಣಿಸಿತು. ಅದನ್ನು ಕಚ್ಚಿ ಹಿಡಿಯಬೇಕಾದ ಬೋಲ್ಟಿನಿಂದ ಜಾರಿ ಸಡಿಲವಾಗಿ ಇಳಿಬಿದ್ದಿತ್ತು. ವೈರಿನ ಮೇಲೆ ಎಳೆದುಕೊಂಡು ಹೋದ ಹೊಸ ಗೀರು. ಯಾರೋ ಜೀವದ ಆಸೆಯಿಂದ ಬ್ರೇಕ್ ಹಿಡಿದಿದ್ದರು, ವೈರು ನಿಂತಿರಲಿಲ್ಲ.

ಸೀಟಿನ ಕೆಳಗಿನ ಚೀಟಿಯನ್ನು ಅವಳು ಓದಬೇಕಾಗಿರಲಿಲ್ಲ. ಅಲ್ಲಿ ಎರಡು ಸಹಿ: ರಿಪೇರಿ ಮಾಡಿದ್ದು ವಾಲ್ಟ್, ಪರೀಕ್ಷೆ ಮಾಡಿದ್ದು ವಾಂಡಾ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮೈಯ ಬಲವೆಲ್ಲ ಹಾಕಿ ಬ್ರೇಕ್ ಅದುಮಿ ನೋಡದೆ ಯಾವ ಸೈಕಲೂ ಮೆಟ್ಟಿಲು ಹತ್ತಕೂಡದು. ಸಂಬಳವಿಲ್ಲದೆ ದುಡಿಯುವ ಈ ಜಾಗದಲ್ಲಿ ಇದ್ದ ಕಟ್ಟುನಿಟ್ಟು ಅದೊಂದೇ.

ಆ ದಿನ ಅವಳು ಅದುಮಿರಲಿಲ್ಲ. ಮರೆತಿದ್ದಲ್ಲ. ಗಂಡ ಬಿಟ್ಟುಹೋದ ವರ್ಷ, ಮನೆಯಲ್ಲಿ ಕೂರಲಾರದೆ ಬಂದವಳ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟವನು ವಾಲ್ಟ್. ಈಗ ಅವನಿಗೆ ಎಪ್ಪತ್ತೊಂಬತ್ತು. ಈ ಚಳಿಗಾಲದಿಂದ ತನ್ನ ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸಲಾರದೆ ಸುಮ್ಮನೆ ಅವಳತ್ತ ಸರಿಸುತ್ತಿದ್ದ. ಅವಳೂ ಸುಮ್ಮನೆ ತೆಗೆದುಕೊಡುತ್ತಿದ್ದಳು. ಅವನೆದುರೇ ಬ್ರೇಕ್ ಅದುಮಿ, ಅದು ಜಾರಿಬಿಟ್ಟರೆ? ಆ ಮುಖ ನೋಡಲಾರದೆ ಸಹಿ ಹಾಕಿದ್ದಳು. ಅದನ್ನು ಕರುಣೆಯೆಂದುಕೊಂಡಿದ್ದಳು.

ಈಗಲೂ ಎಷ್ಟು ಸುಲಭ. ವೈರು ಎಳೆದು, ಬೋಲ್ಟಿಗೆ ಎರಡು ಸುತ್ತು. ಸತ್ತವನಂತೂ ಬಂದು ಹೇಳುವುದಿಲ್ಲ. ಸ್ಪ್ಯಾನರನ್ನು ಬೋಲ್ಟಿಗೆ ಕೊಟ್ಟೂ ಆಗಿತ್ತು.

"ನಿಮ್ಮಪ್ಪ ಬ್ರೇಕ್ ಹಿಡಿದಿದ್ರೆ..." ಆ ಮಕ್ಕಳು ಈ ಮಾತು ಕೇಳುತ್ತಲೇ ದೊಡ್ಡವರಾಗುತ್ತಾರೆ.

"ನಿಯೆವೆಸ್," ಎಂದಳು. "ಅವನು ಬ್ರೇಕ್ ಹಿಡಿದಿದ್ದ. ಇಲ್ಲಿ ನೋಡು. ವೈರು ಜಾರಿದೆ. ನಾನು ಪರೀಕ್ಷೆ ಮಾಡ್ಬೇಕಿತ್ತು. ಮಾಡದೇನೆ ಸಹಿ ಹಾಕ್ದೆ."

ನಿಯೆವೆಸ್ ಬಗ್ಗಿ ನೋಡಿದಳು. ವೈರನ್ನು ಬೆರಳಿನಿಂದ ಮುಟ್ಟಿದಳು.

"ಹೆಣದ ಮುಂದೆ ನಿಂತು ಬೈದೆ ನಾನು," ಎಂದಳು. "ಅವರಮ್ಮನ ಎದುರಿಗೇ."

"ಪೊಲೀಸರ ಹತ್ರ ಬಂದು ಹೇಳ್ತೀನಿ."

"ಹೇಳು. ಹೇಳದೆ ಎಲ್ಲಿಗೆ ಹೋಗ್ತೀಯ? ಆದ್ರೆ ಇನ್ನು ಇದನ್ನ ಮುಟ್ಬೇಡ. ನಿನ್ನ ಕೈ ಬೇಡ."

ಅವಳ ಏರಿದ ದನಿ ಕೇಳಿ, ಈ ನಡುವೆ ಬಂದು ಪಕ್ಕದ ಮೇಜಿನಲ್ಲಿ ಕೂತಿದ್ದ ವಾಲ್ಟ್ ಎದ್ದು ಬಂದ. ಕಿವಿ ಮಂದ, ಕೊನೆಯ ಮಾತಷ್ಟೇ ಕೇಳಿಸಿತ್ತು.

"ಏನಂತೆ? ನಮ್ಮ ವಾಂಡಾ ಮತ್ತೆ ಏನೋ ಕೆಡಿಸಿದಳಾ?" ಎಂದು ನಗುತ್ತ ಸ್ಟ್ಯಾಂಡಿನ ಬಳಿ ನಿಂತ. "ಬಿಡಮ್ಮ, ನಾನು ಮಾಡ್ಕೊಡ್ತೀನಿ. ಇವಳಿಗೆ ಕಲಿಸ್ದೋನೇ ನಾನು."

ನಿಯೆವೆಸ್ ಆ ಮುದುಕನನ್ನು ನೋಡಿದಳು. ಕಣ್ಣೊರೆಸಿಕೊಂಡು, ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. "ನೀವೇ ಮಾಡಿ ತಾತ," ಎಂದಳು. "ನಿಮ್ಮನ್ನ ನೋಡಿದ್ರೆ ಧೈರ್ಯ ಬರುತ್ತೆ."

ವಾಲ್ಟ್ ಸ್ಪ್ಯಾನರಿಗಾಗಿ ಕೈ ಚಾಚಿದ. ವಾಂಡಾ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬೇಡ ವಾಲ್ಟ್," ಎಂದಳು. ಅವನಿಗೆ ಕೇಳಿಸಲಿಲ್ಲವೆಂದು ಮತ್ತೆ ಹೇಳಬೇಕಾಯಿತು, ನೆಲಮಾಳಿಗೆಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ. "ಆ ಬೋಲ್ಟು ಬಿಗಿ ಮಾಡೋ ಶಕ್ತಿ ನಿಮ್ಮ ಕೈಗಿಲ್ಲ. ಅವತ್ತೂ ಇರ್ಲಿಲ್ಲ. ನನಗೆ ಗೊತ್ತಿತ್ತು."

ವಾಲ್ಟ್ ಇನ್ನೂ ನಗುತ್ತಲೇ ಇದ್ದ. ಆಮೇಲೆ ಸೈಕಲಿನ ಹಸಿರು ಬಣ್ಣ ನೋಡಿದ.