ಅಂಚಿನಲ್ಲಿದ್ದ ಪೆನ್ಸಿಲ್ ಸಾಲು

ಪತ್ತೇದಾರಿ ಕಾದಂಬರಿ ಬಿಟ್ಟು ನಾನು ಬೇರೇನೂ ಓದಿದವನಲ್ಲ. ಕೊಲೆಯಿಲ್ಲದ ಕಾದಂಬರಿ ನನಗೆ ಉಪ್ಪಿಲ್ಲದ ಸಾರು. ಹೆಂಡತಿ ನೀಲಗಂಗಮ್ಮ ಪ್ರೇಮದ ಕಾದಂಬರಿ ಓದುತ್ತಾ ಕಣ್ಣೊರೆಸಿಕೊಂಡರೆ, "ಸತ್ತೋರು ಯಾರೂ ಇಲ್ಲ, ಯಾಕ ಅಳ್ತೀ?" ಎಂದು ಇಪ್ಪತ್ತಾರು ವರ್ಷ ಗೇಲಿ ಮಾಡಿದ್ದೇನೆ.

ಆ ಸೋಮವಾರ ಚಿತ್ತವಾಡ್ಗಿಯ ಮನೆಯಿಂದ ಗಡಿಬಿಡಿಯಲ್ಲಿ ಹೊರಟವನು, ನನ್ನ ಪುಸ್ತಕದ ಬದಲು ಅವಳು ಓದಿ ಮುಗಿಸಿಟ್ಟಿದ್ದನ್ನು ಬುತ್ತಿಚೀಲಕ್ಕೆ ತುರುಕಿಬಿಟ್ಟಿದ್ದೆ. ಎರಡೂ ಬಾಡಿಗೆ ಲೈಬ್ರರಿಯವು, ಎರಡಕ್ಕೂ ಒಂದೇ ಕಂದು ಹೊದಿಕೆ. ಸಂಡೂರಿನ ಬಸ್ಸಿನಲ್ಲಿ ಬಿಚ್ಚಿದರೆ ಮೊದಲ ಪುಟದಲ್ಲೇ ಮಲ್ಲಿಗೆ! ಥತ್! ಆದರೆ ಗಣಿಯ ಲಾರಿ ತೂಗುವ ನನ್ನ ಕೆಲಸದ ಜಾಗಕ್ಕೆ ಒಂದು ಗಂಟೆಯ ಪ್ರಯಾಣ. ವಿಧಿಯಿಲ್ಲದೆ ಓದಿದೆ.

ಕಥೆಯ ಗಂಡ ಹೆಂಡತಿ ಹೊಳೆದಂಡೆಯಲ್ಲಿ ಕೂತಿದ್ದರು. ಇನ್ನೇನು ಹೆಣ ತೇಲಿಬರುತ್ತದೆ ಎಂದು ಕಾದೆ. ಬರಲಿಲ್ಲ. ನೀರು ಹರಿಯಿತು, ಅವಳ ಸೆರಗು ಹಾರಿತು, ಅವನು ನೋಡುತ್ತಾ ಕೂತ. ಹತ್ತು ಪುಟ ಅಷ್ಟೇ. ಅಷ್ಟಕ್ಕೇ ನನಗೆ ಮಂಪರು ಹಿಡಿದಂತಾಯಿತು. ಕಿಟಕಿಯಾಚೆ ಗುಡ್ಡಗಳು ಮಂಜಿನಲ್ಲಿ ಮೆಲ್ಲಗೆ ತೇಲುತ್ತಿದ್ದವು. ಬಸ್ಸೇ ತೆಪ್ಪವಾಗಿ, ಕೆಂಪು ಧೂಳೆಲ್ಲ ನೀರಾಗಿ, ನಾನೂ ಎಲ್ಲಿಗೋ ಹೋಗುತ್ತಿದ್ದೆ.

"ಅಂದಾನಪ್ಪರೀ, ಸಂಡೂರು ದಾಟಿ ಭಾಳ ಹೊತ್ತಾತು. ಕೂಡ್ಲಿಗಿಗೆ ಹೊಂಟೀರೇನು?" ಎಂದು ಕಂಡಕ್ಟರ್ ನಕ್ಕಾಗಲೇ ಎಚ್ಚರ.

ಇಳಿದು, ವಾಪಸ್ ಬಸ್ಸಿನಲ್ಲಿ ಮತ್ತೆ ಅದೇ ಪುಟ ತೆಗೆದೆ. ಆಗ ಕಂಡಿತು, ಅಂಚಿನಲ್ಲಿ ಪೆನ್ಸಿಲ್ ಸಾಲು: "ನಮ್ಮನಿಯವ್ರು ಒಂದಿನಾನೂ ನನ್ನ ಜೊತಿ ಹಿಂಗ ಸುಮ್ಮನ ಕುಂತಿಲ್ಲ."

ಆ ಸಾಲನ್ನು ಮತ್ತೊಮ್ಮೆ ಓದಿದೆ. ತಂದವಳು ಅವಳು, ಓದಿದವಳು ಅವಳು, ಬರೆದವರು ಮತ್ತಾರು? ಕೇಸು ಅಲ್ಲಿಗೇ ಮುಗಿಯಿತು. ಇಷ್ಟು ವರ್ಷ ನನ್ನ ಜೊತೆ ಅವಳು ಸುಖವಾಗಿಲ್ಲವೇ ಎಂಬ ಸಂಕಟ ಮಾತ್ರ ಮುಗಿಯಲಿಲ್ಲ. ಆ ಸಂಕಟದಲ್ಲೂ ಪುಸ್ತಕ ಬಿಡಲಾಗಲಿಲ್ಲ. ಕದ್ದು ಕದ್ದು ಓದಿದೆ. ಕೊನೆಯ ಪುಟಗಳು ಬಂದಾಗ, ಮುಗಿದುಹೋಗುತ್ತದಲ್ಲ ಎಂದು ಬೇಕಂತಲೇ ನಿಧಾನ ಮಾಡಿದೆ. ನಿಜ ಹೇಳುತ್ತೇನೆ, ಭಾಳ ಇಷ್ಟವಾಯಿತು.

ಭಾನುವಾರ ಹೇಳಿದೆ, "ನಡಿ, ಹಂಪಿಗೆ ಹೋಗೋಣು."

"ಯಾರರ ನೆಂಟ್ರು ಬಂದಾರೇನ್ರಿ?"

"ಯಾರೂ ಇಲ್ಲ. ಸುಮ್ಮನ."

"ಸುಮ್ಮನ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಹಂಪಿ ಬಜಾರಿನ ಕಲ್ಲುಮಂಟಪಗಳನ್ನು ದಾಟಿ ಹೊಳೆದಂಡೆಯ ಬಂಡೆಯ ಮೇಲೆ ಕೂತೆವು. ಸಂಜೆಯ ಬಿಸಿಲು ನೀರಿನ ಮೇಲೆ ಅಲುಗುತ್ತಿತ್ತು. ಎಷ್ಟು ಹೊತ್ತಾಯಿತೋ, ನನಗೇ ತಡೆಯಲಾಗಲಿಲ್ಲ. ಪುಸ್ತಕ ತೆಗೆದು ಆ ಸಾಲು ತೋರಿಸಿ, "ತಪ್ಪಾತು ನೀಲಾ" ಎಂದೆ.

ಅವಳು ಓದಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಯ್ಯ ಶಿವನೇ! ಇದು ನಾ ಬರ್ದಿದ್ದಲ್ರಿ. ಲೈಬ್ರರಿ ಪುಸ್ತಕ, ಎಷ್ಟು ಮನಿ ತಿರುಗೇತೋ! ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನ ಕಲಗಚ್ಚಿನಾಗ ಬಿತ್ತಂತ, ಹಂಗಾತು ನಿಮ್ಮ ಪತ್ತೇದಾರಿಕಿ." ನಗು ನಿಂತಿತು. "ಇಪ್ಪತ್ತಾರು ವರ್ಷದಾಗ ನನ್ನ ಅಕ್ಷರ ಹೆಂಗದಾವು ಅಂತ ಗೊತ್ತಿಲ್ಲೇನು ನಿಮಗ?"

ಚೀಟಿಯ ಅಕ್ಷರದಿಂದಲೇ ಕೊಲೆಗಾರನನ್ನು ಹಿಡಿಯುವ ಕಥೆಗಳನ್ನು ನೂರಾರು ಓದಿದವನು ನಾನು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಆದರೂ ಕೇಳಿದೆ, "ಹಂಗಾರ ನಿನಗ ಹಿಂಗ ಯಾವತ್ತೂ ಅನಿಸಿಲ್ಲೇನು?"

ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಅನಿಸೇತ್ರಿ. ಬರದ್ರ ಓದೋರು ಯಾರು ಅಂತ ಬರೀಲಿಲ್ಲ."