ಪರವಾಗಿಲ್ಲದ ಪ್ರಸಂಗ

ಕನ್ನಡ ಬಿಟ್ಟು ಹೋದರೂ ಕನ್ನಡಕ ಬಿಡಲಿಲ್ಲ ನೀನು ಎಂದು ನಮ್ಮ ಮನೆಯವರು ಫೋನಿನಲ್ಲಿ ತಮಾಷೆ ಮಾಡುತ್ತಾರೆ. ನಿಜವೇ. ಊರಿನಲ್ಲಿ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗ್ಲಾಸು ಉಜ್ಜುತ್ತಿದ್ದವಳು, ನಲವತ್ತು ದಾಟಿದ ಮೇಲೆ ವಿಮಾನ ಹತ್ತಿ ಬಂದು, ಈ ಪರದೇಶದಲ್ಲೂ ಒಂದು ಹಿಂದಿನ ಕೋಣೆಯಲ್ಲೇ ಕೂತು ಗ್ಲಾಸು ಉಜ್ಜುತ್ತಿದ್ದೇನೆ. ವ್ಯತ್ಯಾಸವೆಂದರೆ ಇಲ್ಲಿ ಯಂತ್ರ ಹೊಸದು, ನಾನು ಹಳಬಳು.

ಸೇರಿದಾಗ ಕೆಲಸ ತಾತ್ಕಾಲಿಕವಾಗಿತ್ತು. ಕಾಯಂ ಆದರೆ ಮಾತ್ರ ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳಲು ಇಲ್ಲಿಯ ಸರ್ಕಾರ ಬಿಡುತ್ತದೆ. ಹಾಗಾಗಿ ನಾನು ಎಲ್ಲದಕ್ಕೂ ಹೆದರುತ್ತಿದ್ದೆ. ಗ್ಲಾಸಿನ ಅಂಚು ಸರಿಯಾಗಿದೆ ಎಂದು ಗೊತ್ತಿದ್ದರೂ ಬೆಳಕಿಗೆ ಹಿಡಿದು ನೋಡುವುದು, ಇಡುವುದು, ಮತ್ತೆ ತೆಗೆದು ನೋಡುವುದು. ಶೌಚಾಲಯಕ್ಕೆ ಹೋಗುವಾಗಲೂ ಮುಖದಲ್ಲಿ ಕೆಲಸದ ಗಾಂಭೀರ್ಯ ಇಟ್ಟುಕೊಂಡೇ ಹೋಗುತ್ತಿದ್ದೆ. ಇಲ್ಲಿಯ ಭಾಷೆಯನ್ನು ಸಂಜೆ ತರಗತಿಯಲ್ಲಿ ಕಲಿಯುತ್ತಿದ್ದೆ. ಊರಿನಲ್ಲಿ ಪದವಿಯನ್ನೂ ಸಂಜೆ ಕಾಲೇಜಿನಲ್ಲೇ ಮಾಡಿದವಳು. ನನ್ನ ತಲೆಗೆ ಏನಾದರೂ ಹತ್ತುವುದಿದ್ದರೆ ಹೊತ್ತು ಮುಳುಗಿದ ಮೇಲೆಯೇ.

ಒಂದು ಮಧ್ಯಾಹ್ನ ನಮ್ಮ ಕೋಣೆಯ ಮುಖ್ಯಸ್ಥೆ ನನ್ನ ಮೇಜಿನ ಬಳಿ ಬಂದು ನಿಂತರು. "ಇಲ್ಲಿ ಒಂದು ಕಾಯಂ ಹುದ್ದೆ ಇದೆ. ನಿಮಗೆ ಬೇಕಾ?"

ನಾನು ಕಾಯುತ್ತಿದ್ದದ್ದೇ ಅದಕ್ಕೆ. ಆದರೆ ಕೇಳಿದ ಕೂಡಲೇ ಬೇಕು ಎಂದು ಬಾಯಿ ಬಿಡುವುದೇ? ನಮ್ಮಮ್ಮ ನೆಂಟರ ಮನೆಗೆ ಹೊರಡುವ ಮೊದಲೇ ಹೊಸ್ತಿಲಲ್ಲಿ ನಿಲ್ಲಿಸಿ, ಯಾರು ಏನು ಕೊಟ್ಟರೂ ಮೊದಲು ಬೇಡ ಅನ್ನಬೇಕು ಎಂದು ಕಣ್ಣು ಬಿಟ್ಟು ಹೇಳಿ ಕರೆದೊಯ್ಯುತ್ತಿದ್ದರು. ಇಂಥ ಹುದ್ದೆಗೆ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಹಾಗಾಗಿ ನಡುವಿನ ದಾರಿ ಹಿಡಿದೆ. ತಲೆ ತಗ್ಗಿಸಿ, ಸ್ವಲ್ಪ ನಾಚಿ, ಅವರ ಭಾಷೆಯಲ್ಲೇ "ಪರವಾಗಿಲ್ಲ" ಎಂದೆ.

ಅವರು "ಸರಿ ಹಾಗಾದರೆ" ಎಂದು ಹೊರಟುಹೋದರು. ಎಷ್ಟು ಮರ್ಯಾದೆಯಿಂದ ಮುಗಿಸಿದೆ ಎಂದು ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಸಂಜೆ ಬಾಡಿಗೆ ಮನೆಗೆ ಬಂದು, ಪಕ್ಕದ ಕೋಣೆಯ ನರ್ಸಕ್ಕನಿಗೆ ಸುದ್ದಿ ಹೇಳಿದೆ. ಅವರು ನಮ್ಮ ಭಾಷೆಯವರೇ, ಇಲ್ಲಿಗೆ ಬಂದು ಎಷ್ಟೋ ವರ್ಷವಾದವರು. ಒಲೆಯ ಮುಂದೆ ನಿಂತಿದ್ದರು.

"ಏನಂದೆ ಅವರಿಗೆ? ಅವರ ಭಾಷೇಲೇ ಹೇಳು ನೋಡೋಣ."

ಹೇಳಿದೆ. ಅಕ್ಕ ಸೌಟು ಕೆಳಗಿಟ್ಟರು.

"ಅಯ್ಯೋ ಪುಣ್ಯಾತ್ಗಿತ್ತಿ, ಕೆಲಸ ಬೇಡ ಅಂತ ಹೇಳಿ ಬಂದಿದ್ದೀಯಲ್ಲೇ."

"ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಲ್ವಾ ಅಕ್ಕ? ಹುಡುಗ ಹೇಗಿದ್ದಾನೆ ಅಂತ ಕೇಳಿದ್ರೆ ಪರವಾಗಿಲ್ಲ ಅಂತೀವಿ. ನಮ್ಮನೆಯವರನ್ನ ನಾನು ಒಪ್ಪಿದ್ದೂ ಹಾಗಂದೇ."

"ಅದು ನಿನ್ನ ಗಂಡನಿಗೆ ಅರ್ಥ ಆಯ್ತು. ಇವರಿಗೆ ಇರೋದು ಒಂದೇ ಅರ್ಥ. ಇಲ್ಲದಿದ್ರೂ ನಡೆಯುತ್ತೆ ಬಿಡಿ, ಅಂತ."

"ಇನ್ನೊಂದ್ಸಲ ಕೇಳ್ತಾರೇನೋ."

"ಇಲ್ಲಿ ಇನ್ನೊಂದ್ಸಲ ಯಾರೂ ಕೇಳಲ್ಲ. ಬಂದ ಹೊಸದರಲ್ಲಿ ಊಟಕ್ಕೆ ಬೇಡ ಬೇಡ ಅಂದೇ ನಾನು ಕಡ್ಡಿ ಆಗಿದ್ದೆ. ಈಗ ನೋಡು." ಅಕ್ಕ ಸೊಂಟ ತಟ್ಟಿಕೊಂಡರು. "ನಾಳೆ ಹೋಗಿ ನಂಗೆ ಬೇಕು ಅನ್ನು."

"ನಾಚಿಕೆ ಆಗುತ್ತೆ ಅಕ್ಕ."

"ಹಾಗಾದ್ರೆ ಮಗಳನ್ನ ಫೋನಲ್ಲೇ ಸಾಕು."

ಕನ್ನಡಿಯ ಮುಂದೆ ನಿಂತು "ನನಗೆ ಬೇಕು" ಎಂದು ಅಭ್ಯಾಸ ಮಾಡಿದೆ. ಒಮ್ಮೆ ಭಿಕ್ಷೆಗೆ ಬಂದವಳಂತೆ ಕೇಳಿಸಿತು, ಮತ್ತೊಮ್ಮೆ ದರೋಡೆಗೆ ಬಂದವಳಂತೆ. ನಡುವಿನ ಧ್ವನಿ ನನ್ನ ಗಂಟಲಲ್ಲಿ ಇರಲೇ ಇಲ್ಲ.

ಬೆಳಿಗ್ಗೆ ಮುಖ್ಯಸ್ಥೆ ಕೋಟು ತೆಗೆಯುವ ಮೊದಲೇ ಅಡ್ಡ ನಿಂತೆ. "ನನಗೆ ಬೇಕು." ದರೋಡೆಯ ಧ್ವನಿಯೇ ಬಂತು.

"ಏನು ಬೇಕು?" ಅವರು ಕೈಚೀಲವನ್ನು ಕೊಂಚ ಹಿಂದಕ್ಕೆ ಸರಿಸಿಕೊಂಡರು ಎಂದು ನನಗೆ ಈಗಲೂ ಅನುಮಾನ.

"ಕಾಯಂ ಹುದ್ದೆ. ನಿನ್ನೆ ಪರವಾಗಿಲ್ಲ ಅಂದೆನಲ್ಲ, ನಮ್ಮ ಭಾಷೆಯಲ್ಲಿ ಹಾಗೆಂದರೆ ಸಂತೋಷ ಅಂತ."

ಅವರು ಕೋಟಿನ ಗುಂಡಿ ಬಿಚ್ಚತೊಡಗಿದರು. "ನಿಮಗೆ ಬೇಡವೆಂದುಕೊಂಡು ಅದನ್ನು ನಮ್ಮ ರಿಪೇರಿಯವರಿಗೆ ಕೊಡೋಣ ಅಂತಿದ್ದೆ. ಅವರು ಬಹಳ ದಿನದಿಂದ ಕೇಳುತ್ತಿದ್ದಾರೆ. ಇವತ್ತು ಹೇಳುವವಳಿದ್ದೆ. ನೀವೇ ಹೇಳಿ, ನಿಮ್ಮ ಕೆಲಸ ಅವರದಕ್ಕಿಂತ ಚೆನ್ನಾಗಿದೆಯಾ?"

ಇಂಥ ಪ್ರಶ್ನೆಯನ್ನು ಯಾರಾದರೂ ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆಯೇ? ಕಿಟಕಿಯ ಪಕ್ಕ ಕೂತು ಮುರಿದ ಫ್ರೇಮು ಸರಿಮಾಡುವ ರಿಪೇರಿಯವರು ಒಳ್ಳೆಯ ಮನುಷ್ಯ. "ಪಾಪ, ಅವರಿಗೇ ಕೊಡಿ" ಎಂಬ ಮಾತು ತುಟಿಯ ತನಕ ಬಂದಿತ್ತು. ಆದರೆ ಈಚೆಗೆ ನನ್ನ ಮಗಳು ಫೋನಿನಲ್ಲಿ ನನ್ನನ್ನು "ನೀವು" ಎನ್ನತೊಡಗಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ದೂರದ ನೆಂಟರಿಗೆ ಕೊಡುವ ಮರ್ಯಾದೆ ಅದು.

"ಗ್ಲಾಸಿನ ಕೆಲಸದಲ್ಲಿ ನನ್ನದೇ ಚೆನ್ನಾಗಿದೆ," ಎಂದೆ. ಕನ್ನಡದಲ್ಲಾಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಬಾಡಿಗೆ ಭಾಷೆಯಾದ್ದರಿಂದ ಆಡಿಬಿಟ್ಟೆ.

"ಹೌದು," ಎಂದರು ಅವರು, ಏನೂ ವಿಶೇಷ ಕೇಳಿಲ್ಲವೆಂಬಂತೆ. "ಹಾಗಾದರೆ ಹುದ್ದೆ ನಿಮ್ಮದು. ಅವರಿಗೆ ನಾನು ಆಮೇಲೆ ತಿಳಿಸುತ್ತೇನೆ." ಕೋಟು ಗೂಟಕ್ಕೆ ಹಾಕಿ ಒಳಗೆ ಹೋದರು.

ಮನೆಗೆ ಫೋನು ಮಾಡಬೇಕೆಂದು ಕೈ ತುರಿಸುತ್ತಿತ್ತು. ಅಷ್ಟರಲ್ಲಿ ರಿಪೇರಿಯವರು ಬಂದರು. ನಮ್ಮ ಕೋಣೆಯ ಫ್ರಿಜ್ಜಿನಲ್ಲಿ ತಮ್ಮ ಊಟದ ಡಬ್ಬಿಯನ್ನು ಮೂಲೆಗೆ ಒತ್ತಿ, ನನ್ನದಕ್ಕೆ ಜಾಗ ಮಾಡಿ, "ಇಲ್ಲಿಡಿ, ಹಿಡಿಯುತ್ತೆ" ಎಂದರು. ನಾನು ಡಬ್ಬಿ ಇಟ್ಟು, ಅವರ ಮುಖ ನೋಡಲಾಗದೆ, ಫ್ರಿಜ್ಜಿನ ಬಾಗಿಲಿಗೆ ಥ್ಯಾಂಕ್ಸ್ ಹೇಳಿದೆ.