ಕೆಂಪು ಹತ್ತರ ಮಾನಹಾನಿ

ನಾನು ಹುಟ್ಟಿದ ದಿನ ಸೂರ್ಯ ಅರ್ಧ ತಾಸು ತಡವಾಗಿ ಮುಳುಗಿದ. ದೊಡ್ಡ ಅಚ್ಚುಯಂತ್ರದ ಬಾಯಿಂದ ಹೊರಬಿದ್ದ ನನ್ನ ಕೆಂಪನ್ನು ಕಂಡು, ಇನ್ನು ತನ್ನನ್ನು ಯಾರು ನೋಡುತ್ತಾರೆ ಎಂದು ನಾಚಿ ಗುಡ್ಡದ ಮೇಲೇ ನಿಂತುಬಿಟ್ಟ. ಸುಳ್ಳು ಅನ್ನಿಸಿದರೆ ಸೂರ್ಯನನ್ನೇ ಕೇಳಿ.

ನಾನು ಒಂದು ಇಸ್ಪೀಟಿನ ಎಲೆ. ಅದರಲ್ಲೂ ಆಟೀನು ಹತ್ತು. ನಿಮಗೆಲ್ಲ ಇರುವುದು ಒಂದೊಂದೇ ಹೃದಯ; ನನ್ನ ಮೈಮೇಲೆ ಹತ್ತು, ಹತ್ತೂ ಕಡುಗೆಂಪು. ಹತ್ತನೆಯದು ಸ್ವಲ್ಪ ಎಡಕ್ಕೆ ವಾಲಿದೆ. ಅದು ಯುದ್ಧದ ಗಾಯ. ಕಟ್ಟಿನ ಉಳಿದ ಎಲೆಗಳಿಗಿಂತ ನಾನು ಒಂದು ನೂಲು ದಪ್ಪ. ಪೈಲ್ವಾನರ ಮೈಕಟ್ಟು, ಏನು ಮಾಡುವುದು!

ನನ್ನ ವೈಭವದ ದಿನಗಳು ಕಳೆದದ್ದು ಕೊಪ್ಪಳದ ಕಡೆಯ ಒಂದು ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ. ಡ್ರೈವರ್ ತಿರುಕಪ್ಪ ನನ್ನ ಯಜಮಾನ. ಊಟವಾದ ಮೇಲೆ ಡ್ರೈವರು ಕಂಡಕ್ಟರುಗಳೆಲ್ಲ ಚಾಪೆ ಹಾಸಿ ಕೂತು, ಸೋತವನು ಎಲ್ಲರ ಊಟದ ಡಬ್ಬಿ ತೊಳೆಯಬೇಕು ಎಂಬ ಕರಾರಿನ ಮೇಲೆ ಆಡುತ್ತಿದ್ದರು. ತಿರುಕಪ್ಪ ನನ್ನನ್ನು ತಲೆಯ ಮೇಲೆತ್ತಿ, "ತಗೋರಲೇ ಹತ್ತು!" ಎಂದು ಬಡಿದರೆ ಡಿಪೋದಲ್ಲಿ ನಿಂತಿದ್ದ ಮೂವತ್ತು ಬಸ್ಸುಗಳು ತಾವಾಗಿಯೇ ಹಾರ್ನ್ ಹೊಡೆಯುತ್ತಿದ್ದವು. ಹಾಗೆ ಬಡಿದ ರಭಸಕ್ಕೇ ನನ್ನ ಹತ್ತನೆಯ ಹೃದಯ ವಾಲಿದ್ದು. ಎರಡು, ಮೂರು, ನಾಲ್ಕರಂಥ ಚಿಲ್ಲರೆ ಎಲೆಗಳು ನನ್ನ ನೆರಳು ಕಂಡರೆ ಸಾಕು, ಅಂಗಾತ ಬೀಳುತ್ತಿದ್ದವು.

ಇಂಥ ನನ್ನನ್ನು ತಿರುಕಪ್ಪ ಒಂದು ದಿನ ತಂಗಿಗೆ ಕೊಟ್ಟುಬಿಟ್ಟ. ಅವನ ತಂಗಿ ನೀಲಾಂಬಿಕಾ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯ ಶಿಕ್ಷಕಿ. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು. ಆರನೆಯ ತರಗತಿಗೆ ಗಣಿತ. ಅಕ್ಕೋರು ನಮ್ಮೆಲ್ಲರ ಬೆನ್ನಿಗೆ ಪುಸ್ತಕಕ್ಕೆ ಹೊದಿಸುವ ಕಂದು ಕಾಗದ ಅಂಟಿಸಿದರು. ಶಾಲೆಯಲ್ಲವೇ, ಸಮವಸ್ತ್ರ ಬೇಕಲ್ಲ ಎಂದು ನಾನೂ ಸುಮ್ಮನಾದೆ. ರಾಜ, ರಾಣಿ, ಗುಲಾಮರನ್ನು ಎತ್ತಿ ಬೇರೆ ಇಟ್ಟಾಗಲಂತೂ ಹಿಗ್ಗಿ ಹೋದೆ. ಇನ್ನು ಇಲ್ಲಿ ನನ್ನ ಮೇಲೆ ಯಾರಿದ್ದಾರೆ?

ಆಗ ಆ ತಾಯಿ ಹೇಳಿದ ಮಾತು ಕೇಳಿ.

"ನೋಡ್ರಿ ಮಕ್ಕಳ, ಕರಿ ಎಲಿ ಅಂದ್ರ ಧನ ಸಂಖ್ಯೆ. ಕೆಂಪು ಎಲಿ ಅಂದ್ರ ಋಣ ಸಂಖ್ಯೆ. ಜೋಕರ್ ಅಂದ್ರ ಸೊನ್ನಿ. ಎಲ್ಲಾ ಎಲಿ ಬೋರಲು ಹಾಸ್ತೀನಿ. ಇಬ್ಬರು ಬಂದು ಒಂದೊಂದು ಎತ್ತಬೇಕು. ಯಾರ ಸಂಖ್ಯೆ ದೊಡ್ಡದೋ ಅವರು ಎರಡೂ ಎಲಿ ತಗೋಬೇಕು."

ನಾನು ಋಣ! ಮೈನಸ್ ಹತ್ತು! ನನ್ನ ಕೆಂಪೇ ನನಗೆ ಮುಳುವಾಯಿತು. ಮೊದಲ ದಿನವೇ ಕಳಾವರ ಎಕ್ಕಾ ನನ್ನನ್ನು ಸೋಲಿಸಿತು. ಎಕ್ಕಾ ಇಲ್ಲಿ ಬರೀ ಒಂದು! ಆಮೇಲೆ ಜೋಕರ್ ಸೋಲಿಸಿದ. ಗೆಜ್ಜೆ ಟೋಪಿ ಹಾಕಿಕೊಂಡು ಹಲ್ಲು ಕಿರಿಯುವ, ಲೆಕ್ಕದಲ್ಲಿ ಏನೇನೂ ಅಲ್ಲದ ಆ ಸೊನ್ನೆ ನನಗಿಂತ ದೊಡ್ಡವನಂತೆ! ಅದನ್ನೂ ನುಂಗಿಕೊಂಡೆ. ಆದರೆ ಡೈಮಂಡ್ ಎರಡು? ಅದೂ ನನ್ನ ಹಾಗೆಯೇ ಕೆಂಪು, ನನ್ನ ಹಾಗೆಯೇ ಋಣ. ಅದಾದರೂ ನನ್ನ ಕಾಲ ಕೆಳಗಿರಬೇಕಲ್ಲ? ಇಲ್ಲವಂತೆ! ಮೈನಸ್ ಎರಡೇ ಮೈನಸ್ ಹತ್ತಕ್ಕಿಂತ ದೊಡ್ಡದಂತೆ! ಇದು ನ್ಯಾಯವೇ? ಯಾವ ಕೋರ್ಟಿನಲ್ಲಿ ಇದಕ್ಕೆ ಅರ್ಜಿ ಹಾಕಬೇಕು, ಹೇಳಿ.

ಮಕ್ಕಳು ನನ್ನನ್ನು ಮುಟ್ಟಲಿಕ್ಕೇ ಹೆದರುತ್ತಿದ್ದರು. ಹಾಸಿದ ಎಲೆಗಳ ಮೇಲೆ ಬೆರಳಾಡಿಸುತ್ತ ನನ್ನ ಹತ್ತಿರ ಬಂದದ್ದೇ ತಡ, ಬೆಂಕಿ ತಾಗಿದವರಂತೆ ಬೆರಳು ಮುಂದೆ ಸರಿಸುತ್ತಿದ್ದರು. ನನ್ನ ತೇಜಸ್ಸೇ ಅಂಥದ್ದು.

ಹೆದರದವಳು ಒಬ್ಬಳೇ, ಹುಲಿಗೆವ್ವ. ಬಾವಿ ತೋಡುವ ಯಮನೂರಪ್ಪನ ಮಗಳು. ಪ್ರತಿ ಸಲ ಹುಡುಕಿ ಹುಡುಕಿ ನನ್ನನ್ನೇ ಎತ್ತಿ, ನೆಲಕ್ಕೆ ಬಡಿದು ಕೂಗುತ್ತಿದ್ದಳು: "ಹತ್ತು! ನಂದ ದೊಡ್ಡದು!"

"ಲೇ ಹುಲಿಗಿ, ಅದು ಮೈನಸ್ ಹತ್ತು. ಸೋತಿ ನೀ" ಎಂದು ಉಳಿದವರು ನಕ್ಕರೆ ಅವಳು ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಲ್ಲುತ್ತಿದ್ದಳು.

"ನಮ್ಮಪ್ಪ ಎರಡು ಮಾರು ತೋಡಿದ್ರ ಅದನ್ನ ತೆಗ್ಗು ಅಂತಾರ. ಹತ್ತು ಮಾರು ತೋಡಿದ್ರ ಬಾವಿ ಅಂತಾರ. ತೆಗ್ಗು ದೊಡ್ಡದೋ, ಬಾವಿ ದೊಡ್ಡದೋ? ನೀವ ಹೇಳ್ರಿ ಅಕ್ಕೋರ!"

ಭಲೇ ಮಗಳೇ! ಇಡೀ ಶಾಲೆಯಲ್ಲಿ ಬುದ್ಧಿ ಇದ್ದದ್ದು ಆ ಒಂದು ತಲೆಯಲ್ಲಿ.

ಅಕ್ಕೋರು ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ.

"ನೀ ಹೇಳೂದು ಖರೇ ಐತಿ ಹುಲಿಗೆವ್ವ. ಆಳ ಕೇಳಿದ್ರ ಹತ್ತ ದೊಡ್ಡದು. ಆದ್ರ ಈ ಆಟ ಆಳ ಕೇಳೂದಿಲ್ಲ, ಯಾರು ಮ್ಯಾಲದಾರ ಅಂತ ಕೇಳ್ತೈತಿ. ನೆಲ ಅಂದ್ರ ಸೊನ್ನಿ. ನೀ ನೆಲದ ಮ್ಯಾಲ ನಿಂತು ಅಪ್ಪಗ ಹಗ್ಗದಾಗ ಬುತ್ತಿ ಇಳಸ್ತೀಯಲ್ಲ? ಅಪ್ಪ ಎರಡು ಮಾರು ಕೆಳಗಿದ್ದಾಗ ನಿನಗ ಹತ್ರನೋ, ಹತ್ತು ಮಾರು ಕೆಳಗಿದ್ದಾಗ ಹತ್ರನೋ? ಎಲ್ಲಿದ್ದಾಗ ಅಂವ ಮ್ಯಾಲಿದ್ದ?"

ಹುಲಿಗೆವ್ವ ನನ್ನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನನಗೇಕೋ ಆ ನೋಟ ಸರಿ ಕಾಣಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡದೊಂದು ನೆರಳು ಬಿತ್ತು. ಶಾಲಾ ಸಮಿತಿಯ ಅಧ್ಯಕ್ಷರಾದ ಫಕೀರಗೌಡರು.

"ಏನ್ರೀ ಅಕ್ಕೋರ, ಇದು ಸಾಲಿಯೋ, ಇಸ್ಪೀಟ್ ಕ್ಲಬ್ಬೋ?"

ಅಕ್ಕೋರು ಆಟದ ನಿಯಮ ವಿವರಿಸಿದರು. ಗೌಡರು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮನ್ನೆಲ್ಲ ಬಾಚಿ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಹಾಕಿಸಿ ಬೀಗ ಜಡಿಸಿದರು. "ಶನಿವಾರ ಪಾಲಕರ ಸಭಾ ಕರೀತೀನಿ. ಮಕ್ಕಳು ಇದರಾಗ ಲೆಕ್ಕ ಕಲ್ತಾರೋ ಜೂಜು ಕಲ್ತಾರೋ, ಎಲ್ಲರ ಮುಂದ ನೋಡೇಬಿಡೂಣು. ನಾ ಆರಿಸಿದ ಹುಡುಗಿ ಯಾವ ಎಲಿ ದೊಡ್ಡದು ಅಂತ ಐದು ಸಲ ತಪ್ಪಿಲ್ಲದ ಹೇಳಬೇಕು. ಹೇಳಿದ್ರ ಆಟ ಇರ್ಲಿ. ತಪ್ಪಿದ್ರ ಈ ಎಲಿ ಬಿಸಿಯೂಟದ ಒಲಿಗೆ, ನಿಮ್ಮ ಮ್ಯಾಲ ಕಂಪ್ಲೇಂಟು ಮ್ಯಾಲಿನವರಿಗೆ."

"ಯಾರನ್ನ ಆರಸ್ತೀರಿ ಗೌಡ್ರ?"

"ಈಗ 'ನಂದ ದೊಡ್ಡದು' ಅಂತ ಒದರಾಕತ್ತಿದ್ದಳಲ್ಲ, ಆಕಿನ್ನ."

ಅಕ್ಕೋರ ಮುಖ ಸಣ್ಣದಾಯಿತು.

ಶನಿವಾರ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಊರಿನ ಮಂದಿಯೆಲ್ಲ ಬಂದಿದ್ದರು. ಒಟ್ಟು ಎರಡು ಲಕ್ಷ ಜನ. ಹೋಗಲಿ, ನಲವತ್ತು ಅಂತಿಟ್ಟುಕೊಳ್ಳಿ. ಯಮನೂರಪ್ಪ ಕಾಲಿಗೆ ಮೆತ್ತಿದ ಕೆಸರಿನಲ್ಲೇ ಬಂದು ಕಡೆಯ ಸಾಲಿನಲ್ಲಿ ಕೂತಿದ್ದ. ಗೌಡರು ತಾವೇ ಎಲೆ ಕಲಸಿದರು. ಎಲೆಗಳು ಅವರ ಎರಡು ಕೈಗಳ ನಡುವೆ ನೀರಿನಂತೆ ಹರಿದವು. ಹಿಂದಿನಿಂದ ಯಾರೋ, "ಗೌಡ್ರ, ಎಲಿ ಭಾಳ ಚಂದ ಹಿಡೀತೀರಲ್ರೀ!" ಎಂದರು. ಗೌಡರು ಕೆಮ್ಮಿ ಮೀಸೆ ಒರೆಸಿಕೊಂಡರು.

ಎಲೆ ಬೋರಲು ಹಾಸಿ, ಹುಲಿಗೆವ್ವನ ಎದುರು ಗೌಡರೇ ಆಡಲು ಕೂತರು. ನಾಲ್ಕು ಸಲ ಅವಳು ಸರಿಯಾಗಿ ಹೇಳಿದಳು. ಉಳಿದದ್ದು ಒಂದೇ ಸಲ. ಆಗ ನಾನು ಅಕ್ಕೋರ ಮಾನ ಉಳಿಸಲೆಂದು ಜಮಖಾನೆಯ ಮೇಲಿಂದ ಮೂರು ಅಡಿ ನೆಗೆದು ಅವಳ ಬೆರಳಿಗೆ ಸಿಕ್ಕೆ. ಗೌಡರು ಎತ್ತಿದ್ದು ಡೈಮಂಡ್ ಎರಡು. ನನ್ನನ್ನು ನೋಡಿದವರೇ ಅವರು ಅಭ್ಯಾಸಬಲದಿಂದ ಎರಡೂ ಎಲೆಗಳನ್ನು ಅವಳತ್ತ ದೂಡಿದರು.

"ತಗೋವಾ, ನಿಂದು ಹತ್ತು. ನಿಂದ ದೊಡ್ಡದು."

ಆಹಾ! ನನ್ನನ್ನು ಒಲೆಗೆ ಹಾಕಲು ಬಂದವನ ಬಾಯಲ್ಲೇ ಕೊನೆಗೂ ನನಗೆ ನ್ಯಾಯ ಸಿಕ್ಕಿತು!

ಹುಲಿಗೆವ್ವ ಎಲೆಗಳನ್ನು ಮುಟ್ಟಲಿಲ್ಲ. ಎರಡನ್ನೂ ಒಂದೇ ಬೆರಳಿನಿಂದ ಅವರತ್ತ ವಾಪಸ್ ದೂಡಿದಳು.

"ಇಲ್ರೀ ಗೌಡ್ರ. ನೀವ ಗೆದ್ರಿ. ನಂದು ಹತ್ತು ಮಾರು ಕೆಳಗೈತಿ. ನಿಮ್ಮದು ಎರಡ ಮಾರು ಕೆಳಗ. ನೀವು ಮ್ಯಾಲದೀರಿ."

"ಹುಚ್ಚಿ ಅದೀ ಏನು? ಹತ್ತು ದೊಡ್ಡದೋ, ಎರಡು ದೊಡ್ಡದೋ?"

"ನಮ್ಮಪ್ಪನ್ನ ಕೇಳ್ರಿ."

ಎಲ್ಲರೂ ತಿರುಗಿ ನೋಡಿದರು. ಯಮನೂರಪ್ಪ ಸಂಕೋಚದಿಂದ ಎದ್ದು ನಿಂತ. "ಹತ್ತು ಮಾರು ಕೆಳಗಿದ್ದಾಂವ ಎರಡು ಮಾರು ಕೆಳಗಿದ್ದಾಂವಗಿಂತ ಮ್ಯಾಲದಾನ ಅಂದ್ರ, ಗೌಡ್ರ, ನನಗ ಅಷ್ಟುದ್ದದ ಹಗ್ಗ ಯಾಕ ಬೇಕಿತ್ರೀ?"

ಅಂಗಳವೆಲ್ಲ ನಕ್ಕಿತು. ಗೌಡರೂ ನಗಬೇಕಾಯಿತು. "ಇರ್ಲಿ, ಆಟ ಇರ್ಲಿ. ಆದ್ರ ಅದಕ್ಕ ಇಸ್ಪೀಟ್ ಅನಬ್ಯಾಡ್ರಿ ಅಕ್ಕೋರ. ಸಂಖ್ಯಾ ಎಲಿ ಅನ್ರಿ."

ಎಲ್ಲರಿಗೂ ಖುಷಿ. ನನ್ನ ಗತಿ? ನನ್ನ ಪರ ನಿಂತಿದ್ದ ಒಂದೇ ಒಂದು ಜೀವ ಊರ ಮುಂದೆ ನನ್ನನ್ನು ಎರಡರ ಕಾಲ ಕೆಳಗೆ ಹಾಕಿತು!

ಅದಾಗಿ ಎಷ್ಟೋ ವರ್ಷವಾಯಿತು. ಎಲೆಗಳು ಹರಿದು ಸವೆದ ಮೇಲೆ ಅಕ್ಕೋರು ನಮ್ಮನ್ನು ತರಗತಿಯ ಗೋಡೆಗೆ ಸಾಲಾಗಿ ಅಂಟಿಸಿದರು. ನಡುವೆ ಜೋಕರ್, ಬಲಕ್ಕೆ ಕರಿಯರು, ಎಡಕ್ಕೆ ಕೆಂಪಿನವರು. ಎಲ್ಲರಿಗಿಂತ ಎಡಕ್ಕೆ, ಕಸಬರಿಗೆಯ ಮೂಲೆಯಲ್ಲಿ, ನಾನು. ಅಲ್ಲಿಂದಲೇ ಈ ಕಥೆಯನ್ನು ಗೋಡೆಯ ಹಲ್ಲಿಗಳಿಗೆ ದಿನಾ ಹೇಳುತ್ತಿದ್ದೆ.

ಹೋದ ವಾರ ಅಂಟು ಒಣಗಿ ಕೆಳಗೆ ಬಿದ್ದೆ. ಬೆನ್ನಿನ ಕಂದು ಕಾಗದ ಕಿತ್ತು ಗೋಡೆಯಲ್ಲೇ ಉಳಿಯಿತು. ಕಸ ಗುಡಿಸುತ್ತಿದ್ದ ಹುಡುಗಿಯೊಬ್ಬಳು ನನ್ನನ್ನೆತ್ತಿ ಬೆನ್ನು ಓದಿದಳು.

"ಅಕ್ಕೋರ, ಇದು ಎಲಿ ಅಲ್ರೀ! ಮದುವಿ ಕಾರ್ಡು! 'ಬಂಧು ಮಿತ್ರರೆಲ್ಲ ಆಗಮಿಸಿ' ಅಂತ ಬರದೈತಿ!"

ತಲೆ ನರೆತ ಅಕ್ಕೋರು ನಕ್ಕರು. "ಹೌದವಾ. ಖರೇ ಹತ್ತು ನಮ್ಮಣ್ಣನ ಬಸ್ಸಿನ ಕಿಡಕ್ಯಾಗಿಂದ ಎಂದೋ ಹಾರಿ ಹೋಗಿತ್ತು. ಇದನ್ನ ನಾನ ಕತ್ತರಿಸಿ ಬರದಿದ್ದೆ."

ಸಿಕ್ಕಿಬಿದ್ದೆ. ಇನ್ನು ಮುಚ್ಚಿಡುವುದೇನು? ನಾನು ಯಾವ ಅಚ್ಚುಯಂತ್ರವನ್ನೂ ಕಂಡವನಲ್ಲ. ಅಕ್ಕೋರ ಅಡುಗೆಮನೆಯಲ್ಲಿ, ಕತ್ತರಿ ಮತ್ತು ಕೆಂಪು ಪೆನ್ನಿನಿಂದ ಹುಟ್ಟಿದೆ. ಹತ್ತನೆಯ ಹೃದಯ ಬರೆಯುವಾಗ ಹಾಲು ಉಕ್ಕಿತು, ಅವರ ಕೈ ವಾಲಿತು. ಡಿಪೋದ ಕಥೆಯೆಲ್ಲ ಉಳಿದ ಎಲೆಗಳ ಬಾಯಿಂದ ಕೇಳಿದ್ದು. ಮಕ್ಕಳು ನನ್ನ ತೇಜಸ್ಸಿಗೆ ಹೆದರಲಿಲ್ಲ. ಬೆರಳಿಗೆ ನನ್ನ ದಪ್ಪ ತಾಗಿದೊಡನೆ ಮೈನಸ್ ಹತ್ತೆಂದು ಗೊತ್ತಾಗಿ ಬಿಟ್ಟು ಹೋಗುತ್ತಿದ್ದರು. ಆ ಶನಿವಾರ ನಾನು ನೆಗೆಯಲೂ ಇಲ್ಲ. ಹುಲಿಗೆವ್ವನ ಬೆರಳು ನನ್ನ ಅಂಚಿನ ಮೇಲೆ ನಿಂತಿತು. ನಾನು ಯಾರೆಂದು ಅವಳಿಗೆ ಗೊತ್ತಿತ್ತು. ನನ್ನನ್ನು ಎತ್ತಿದರೆ ಸೋಲೇ ಎಂಬುದೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಆದರೂ ಎತ್ತಿದಳು.

ಇದೊಂದು ಮಾತ್ರ ಸುಳ್ಳಲ್ಲ. ಸೂರ್ಯನನ್ನು ಕೇಳಬೇಡಿ, ನಾನು ಹುಟ್ಟಿದ ದಿನವೂ ಅವನು ಹೊತ್ತಿಗೆ ಸರಿಯಾಗಿಯೇ ಮುಳುಗಿದ್ದ. ಹುಲಿಗೆವ್ವನನ್ನು ಕೇಳಿ.